ಮನೆಯೊಳಗಿನ ಜೇಡವೂ ಶ್ರಾವಕರ ಅಹಿಂಸೆಯೂ



ಪರ್ವದಿನಗಳು ಸಮೀಪಿಸಿದಂತೆ ಮನೆಮನೆಗಳಲ್ಲಿ ಶುಚಿಕಾರ್ಯ ಆರಂಭವಾಗುತ್ತದೆ. ಕೊಯಮತ್ತೂರು–ಪೊಳ್ಳಾಚಿ ಮಾರ್ಗದಲ್ಲಿರುವ ಕಿಣತ್ತುಕಡವಿನಂತಹ ತೆಂಗಿನ ತೋಟಗಳ ಸೀಮೆಯಲ್ಲಿ ಮನೆಯ ಮೂಲೆಗಳಲ್ಲಿ ಜೇಡಗಳು ಕಾಣಿಸುವುದು ಸಹಜ. ಕನ್ನಡದ ಜೇಡ, ತಮಿಳಿನ ಸಿಲಂದಿ, ಗುಜರಾತಿಯ ಕರೋಳಿಯೋ, ಹಿಂದಿಯ ಮಕಡೀ ಎಂದು ಹೆಸರು ಹಲವಾದರೂ ಜೀವ ಒಂದೇ. ಅದರ ವಿಷಯದಲ್ಲಿ ಶ್ರಾವಕರ ಕರ್ತವ್ಯವೇನು?

ಸ್ಪರ್ಶನ, ರಸನ, ಘ್ರಾಣ, ಚಕ್ಷು ಎಂಬ ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಗಳಲ್ಲಿ ಜೇಡವನ್ನು ಎಣಿಸುವುದು ರೂಢಿ. ಗೃಹಸ್ಥರ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯಮೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುತ್ತಾರೆ. ಎಚ್ಚರದಿಂದ ಗುಡಿಸುವಾಗಲೂ ತಪ್ಪದೆ ಘಟಿಸುವುದು ಆರಂಭೀ. ಜೇಡವನ್ನು ಕಂಡೂ ಪೊರಕೆಯಿಂದ ಹೊಡೆಯುವುದು, ಕೀಟನಾಶಕ ಸಿಂಪಡಿಸುವುದು ಸಂಕಲ್ಪೀ. ಇದು ಅಣುವ್ರತಿಗಳಿಗೆ ಸರ್ವಥಾ ತ್ಯಾಜ್ಯ.

ಇಂತಹ ಹಿಂಸೆಗೆ ಬಹುಮಟ್ಟಿಗೆ ಭಯವೇ ಕಾರಣ. ಮೂಲೆಯಲ್ಲಿ ತಲೆಕೆಳಗಾಗಿ ತೂಗುವ ನೀಳಕಾಲಿನ ಜೇಡ ಬಲೆಯನ್ನು ನಡುಗಿಸುವುದು ಆತ್ಮರಕ್ಷಣೆಗಾಗಿ. ರಾತ್ರಿ ಗೋಡೆಯ ಮೇಲೆ ಕಾಣುವ ಚಪ್ಪಟೆ ಮೈಯ ದೊಡ್ಡ ಜೇಡ ಜಿರಲೆಗಳನ್ನು ಅರಸುತ್ತದೆ, ಮನುಷ್ಯರನ್ನಲ್ಲ. ಆದರೆ ಅದುಮಿದರೆ ಕಚ್ಚಬಹುದಾದ್ದರಿಂದ ಬರಿಗೈಯಿಂದ ಹಿಡಿಯಬಾರದು. ನೀಳಕಾಲಿನ ಹೆಣ್ಣುಜೇಡ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡಿರುತ್ತದೆ. ದೊಡ್ಡ ಜೇಡ ಮೊಟ್ಟೆಚೀಲವನ್ನು ಒಡಲಡಿಯಲ್ಲಿ ಹೊತ್ತಿರುತ್ತದೆ. ಒಂದು ಏಟಿಗೆ ಬಲಿಯಾಗುವುದು ಒಂದೇ ಜೀವವಲ್ಲ. ಹಾಗೆಂದು, ಸೊಳ್ಳೆಗಳನ್ನು ತಿನ್ನಲೆಂದು ಜೇಡವನ್ನು ಸಾಕುವುದೂ ಸಲ್ಲದು. ಅದು ಹಿಂಸೆಯ ಅನುಮೋದನೆ.

ದಿಗಂಬರ ಮುನಿಗಳ ನವಿಲುಗರಿಯ ಪಿಂಛಿ, ಶ್ವೇತಾಂಬರ ಸಾಧುಗಳ ಉಣ್ಣೆಯ ರಜೋಹರಣ ಇವೆರಡೂ ಜೀವಿಗಳನ್ನು ನೋಯಿಸದೆ ಸರಿಸುವ ಸಾಧನಗಳು. ಅದೇ ಭಾವದಿಂದ ಗೃಹಸ್ಥರು ಪಾಲಿಸಬಹುದಾದ ಕ್ರಮಗಳಿವು:

1. ಹಗಲಿನ ಬೆಳಕಿನಲ್ಲಿ ನೋಡಿ ಗುಡಿಸಬೇಕು. ಜೇಡವಾಗಲಿ ಮೊಟ್ಟೆಯಾಗಲಿ ಇಲ್ಲದ, ಧೂಳು ಹಿಡಿದ ಬಲೆಯನ್ನಷ್ಟೇ ತೆಗೆಯಬೇಕು.

2. ಸ್ಥಳಾಂತರ ಅನಿವಾರ್ಯವಾದರೆ ಅಗಲಬಾಯಿಯ ಲೋಟವನ್ನು ಜೇಡದ ಮೇಲೆ ಕವುಚಿ, ಅಡಿಯಲ್ಲಿ ದಪ್ಪ ಕಾಗದವನ್ನು ಮೆಲ್ಲನೆ ಸರಿಸಿ, ಹೊರಗಿನ ನೆರಳಿನಲ್ಲಿ ಬಿಡಬೇಕು. ಕವುಚಿಟ್ಟು ಮರೆತರೆ ಬಂಧ, ಕಾಲು ತುಂಡಾದರೆ ಛೇದ. ಎರಡೂ ಅಹಿಂಸಾಣುವ್ರತದ ಅತಿಚಾರಗಳೇ.

3. ಸಂಜೆ ಅನಗತ್ಯ ದೀಪಗಳನ್ನು ಆರಿಸಬೇಕು. ಬೆಳಕಿಗೆ ಕೀಟಗಳು, ಕೀಟಗಳಿಗಾಗಿ ಜೇಡಗಳು ಬರುತ್ತವೆ. ಕಿಟಕಿಗಳಿಗೆ ಜಾಲರಿ ಹಾಕಿಸಿ, ಒಳಗೆ ಜೀವಿಗಳಿಲ್ಲವೆಂದು ನೋಡಿ ಗೋಡೆಯ ಬಿರುಕುಗಳನ್ನು ಮುಚ್ಚಿಸಬೇಕು.

4. ವಾರಕ್ಕೊಮ್ಮೆ ಶುಚಿಗೊಳಿಸಿದರೆ ಬಲೆಗಳು ಹಬ್ಬುವುದಿಲ್ಲ. ಪರ್ವಕಾಲದಲ್ಲಿ ಆತುರದ ಹಿಂಸೆಗೂ ಅವಕಾಶವಿರುವುದಿಲ್ಲ.

ಪ್ರತಿಕ್ರಮಣದಲ್ಲಿ ನಾವು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳಿಗೆ ಮಾಡಿದ ನೋವನ್ನು ನೆನೆದು ಪಶ್ಚಾತ್ತಾಪ ಪಡುತ್ತೇವೆ. ಈ ವರ್ಷ ಚತುರಿಂದ್ರಿಯವೆಂಬ ಪದವನ್ನು ಉಚ್ಚರಿಸುವಾಗ ನಮ್ಮ ಮನೆಯ ಮೂಲೆಯ ಜೇಡವೂ ಮಕ್ಕಳ ನೆನಪಿಗೆ ಬರುವಂತಾಗಲಿ.

ಜೈ ಜಿನೇಂದ್ರ.