ಕಂಪನದಿಂದ ಅಲ್ಯೂಮಿನಿಯಮಿಗೆ ನಯ

ಚಿನ್ನಾರು ಹೊಳೆಯ ಗುಂಡುಕಲ್ಲುಗಳನ್ನು ಪಾಲಕೋಡಿನ ಮಕ್ಕಳೆಲ್ಲರೂ ಕಂಡಿರುವರು. ಅವು ಮೊದಲಿನಿಂದಲೂ ಗುಂಡಾಗಿದ್ದುವಲ್ಲ. ನೀರಿನ ಸೆಳೆತದಲ್ಲಿ ಒಂದಕ್ಕೊಂದು ಉಜ್ಜಿ, ಬಹುಕಾಲದ ಮೇಲೆ ಅವುಗಳ ಚೂಪು ಅಳಿಯಿತು. ಇದೇ ಕಾರ್ಯವನ್ನು ಕೆಲವೇ ಗಂಟೆಗಳಲ್ಲಿ ನಡೆಸುವ ಯಂತ್ರವೊಂದುಂಟು. ಅದನ್ನು ಈಗ ವಿಚಾರಿಸೋಣ.

ಅಲ್ಯೂಮಿನಿಯಮ್ ನಮಗೆ ದೂರದ ಲೋಹವಲ್ಲ. ಏರ್ಕಾಡಿನ ಶೇರ್ವರಾಯನ್ ಬೆಟ್ಟಗಳಲ್ಲಿ ಅದರ ಅದಿರಾದ ಬಾಕ್ಸೈಟ್ ಉಂಟು. ಮೆಟ್ಟೂರಿನಲ್ಲಿ 1965ರಿಂದ 2008ರವರೆಗೆ ಈ ಲೋಹವನ್ನು ತಯಾರಿಸಿದರು. ಶುದ್ಧ ಅಲ್ಯೂಮಿನಿಯಮ್ ಮೆದು. ತಾಮ್ರ, ಮೆಗ್ನೀಸಿಯಮ್, ಸಿಲಿಕಾನ್ ಮುಂತಾದುವನ್ನು ಬೆರೆಸಿದರೆ ವಿಮಾನಕ್ಕೂ ತಕ್ಕ ಗಟ್ಟಿಯಾದ ಮಿಶ್ರಲೋಹವಾಗುತ್ತದೆ.

ಇಂಥ ಲೋಹವನ್ನು ಕೊರೆದಾಗ, ಕತ್ತರಿಸಿದಾಗ ಅಂಚಿನಲ್ಲಿ ಸಣ್ಣ ಮುಳ್ಳುಗಳೂ ಮೈಮೇಲೆ ಗೀರುಗಳೂ ಉಳಿಯುತ್ತವೆ. ಇವು ಕೈಯನ್ನು ಕೊಯ್ಯುವುದಷ್ಟೇ ಅಲ್ಲ. ಮತ್ತೆ ಮತ್ತೆ ಭಾರ ಬೀಳುವ ಭಾಗದಲ್ಲಿ ಬಿರುಕು ಸಾಮಾನ್ಯವಾಗಿ ಗೀರಿನ ಬುಡದಿಂದಲೇ ಹೊರಡುತ್ತದೆ. ವಿಮಾನದಲ್ಲಿ ಅಂಥ ಬಿರುಕು ಪ್ರಾಣಕ್ಕೇ ಅಪಾಯ.

ಆದುದರಿಂದ ಭಾಗಗಳನ್ನು ಉಜ್ಜುಗಲ್ಲಿನ ಚೂರುಗಳೊಡನೆ ತೊಟ್ಟಿಗೆ ಹಾಕಿ, ನೀರನ್ನೂ ಸಾಬೂನಿನಂಥ ದ್ರವವನ್ನೂ ಬೆರೆಸುವರು. ಮೋಟಾರಿನ ಅಕ್ಷಕ್ಕೆ ಒಂದು ಪಕ್ಕಕ್ಕೆ ಭಾರ ಕಟ್ಟಿರುವುದರಿಂದ ಅದು ತಿರುಗಿದಾಗ ತೊಟ್ಟಿಯೆಲ್ಲವೂ ನಡುಗುತ್ತದೆ. ಚೂರುಗಳು ಲೋಹದ ಮೇಲೆ ಅಸಂಖ್ಯ ಸಲ ಮೆಲ್ಲಗೆ ಉಜ್ಜುತ್ತವೆ. ಮುಳ್ಳು ಸವೆಯುತ್ತದೆ, ಅಂಚು ದುಂಡಗಾಗುತ್ತದೆ, ಉಬ್ಬುಗಳು ತಗ್ಗುತ್ತವೆ. ಆಳವಾದ ಗೀರು ಮಾತ್ರ ಸುಲಭವಾಗಿ ಹೋಗದು. ಇಕ್ಕಟ್ಟಾದ ಮೂಲೆಗೆ ಚೂರು ತಲಪದು.

ಅಲ್ಯೂಮಿನಿಯಮಿಗೆ ಮೂರು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದು, ಚೂರಿನ ಆಯ್ಕೆ. ಭಾರವಾದ ಪಿಂಗಾಣಿ ಚೂರು ಮೆದು ಲೋಹದಲ್ಲಿ ಕುಳಿ ಮಾಡಬಹುದು. ನಯವಾದ ಕೆಲಸಕ್ಕೆ ಹಗುರವಾದ ಪ್ಲಾಸ್ಟಿಕ್ ಚೂರು ಮೇಲು. ಎರಡನೆಯದು, ದ್ರವ. ತೀವ್ರ ಕ್ಷಾರವೂ ತೀವ್ರ ಆಮ್ಲವೂ ಈ ಲೋಹವನ್ನು ತಿನ್ನುತ್ತವೆ. ತಾಯಂದಿರು ಅಲ್ಯೂಮಿನಿಯಮ್ ಪಾತ್ರೆಯನ್ನು ಸೋಡಾದಿಂದ ತಿಕ್ಕಿದರೆ ಅದು ಕಪ್ಪಾಗುವುದಕ್ಕೂ ಕ್ಷಾರವೇ ಕಾರಣ. ಮೂರನೆಯದು, ಶುಚಿ. ಸವೆದ ಲೋಹದ ಪುಡಿಯಿಂದ ನೀರು ಕಪ್ಪಾಗುತ್ತದೆ. ಅದನ್ನು ಬದಲಿಸದಿದ್ದರೆ ಮಸಿ ಲೋಹಕ್ಕೇ ಅಂಟುತ್ತದೆ. ಕೆಲಸ ಮುಗಿದೊಡನೆ ತೊಳೆದು ಒಣಗಿಸತಕ್ಕದ್ದು.

ಹೆಚ್ಚು ಹೊತ್ತು ಉಜ್ಜಿದರೆ ಹೆಚ್ಚು ನಯವೆಂದು ತಿಳಿಯಬಾರದು. ಒಂದು ಹಂತದ ಮೇಲೆ ನಯವು ಏರದೆ ಅಳತೆ ಮಾತ್ರ ಕುಗ್ಗುತ್ತದೆ. ತಕ್ಕ ಚೂರು, ತಕ್ಕ ದ್ರವ, ತಕ್ಕ ಸಮಯ, ಈ ಮೂರೂ ಕೂಡಿದಲ್ಲಿ ಮೃದುವಾದ ಉಜ್ಜುವಿಕೆಯೇ ಲೋಹದ ಬಾಳಿಕೆಯನ್ನು ಹೆಚ್ಚಿಸುವುದು.