ಹೆರಾನ್ ದ್ವೀಪ

ಆಸ್ಟ್ರೇಲಿಯದ ಗ್ಲಾಡ್‌ಸ್ಟನ್ ಬಂದರಿನಿಂದ ಸುಮಾರು 80 ಕಿಲೋಮೀಟರು ದೂರದ ಹವಳದಿಬ್ಬದ ಮೇಲೆ ಹೆರಾನ್ ಎಂಬ ಪುಟ್ಟ ದ್ವೀಪವಿದೆ. ಸ್ವಲ್ಪ ಹೊತ್ತಿನಲ್ಲಿಯೇ ಅದನ್ನು ಕಾಲ್ನಡಿಗೆಯಲ್ಲಿ ಸುತ್ತಿಬರಬಹುದು. 1920ರ ದಶಕದಲ್ಲಿ ಅಲ್ಲಿ ಕಡಲಾಮೆಗಳ ಮಾಂಸದಿಂದ ಸೂಪು ತಯಾರಿಸಿ ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಯಿತ್ತು. ಮೊಟ್ಟೆಯಿಡಲು ದಡವೇರಿದ ಹೆಣ್ಣಾಮೆಯನ್ನು ಅಂಗಾತ ಮಗುಚಿದರೆ ಸಾಕು, ಪಾಪ, ಅದು ಅಲುಗಲಾರದು! 1932ರಲ್ಲಿ ಆ ಕಾರ್ಖಾನೆಯ ಸ್ಥಳವೇ ವಿಹಾರಧಾಮವಾಯಿತು. 1943ರಲ್ಲಿ ದ್ವೀಪದ ಬಹುಭಾಗ ರಾಷ್ಟ್ರೀಯ ಉದ್ಯಾನವೆನಿಸಿತು.

ಆಮೆಗಳು ಈಗಲೂ ಬೇಸಗೆಯ ರಾತ್ರಿಗಳಲ್ಲಿ ದಡಕ್ಕೆ ಬರುತ್ತವೆ. ಅಲ್ಲಿಯ ಬೇಸಗೆಯೆಂದರೆ ನಮ್ಮ ಚಳಿಗಾಲ. ಸುಮಾರು ಎರಡು ತಿಂಗಳ ತರುವಾಯ ಅಂಗೈಗಿಂತ ಚಿಕ್ಕ ಮರಿಗಳು ಮರಳನ್ನು ಸೀಳಿಕೊಂಡು ಹೊರಬಂದು, ಹೆಚ್ಚು ಬೆಳಕಿರುವ ಕಡೆಯೇ ಕಡಲೆಂದು ನಂಬಿ ಧಾವಿಸುತ್ತವೆ. ವಿಹಾರಧಾಮದ ಕಿಟಕಿಯ ದೀಪವೂ ಅವುಗಳ ದಾರಿ ತಪ್ಪಿಸಬಲ್ಲದು. ಆದುದರಿಂದ ಅತಿಥಿಗಳು ಪರದೆಗಳನ್ನೆಳೆದು ಬೆಳಕನ್ನು ಮರೆಮಾಡಬೇಕು. ಹಣ ತೆತ್ತು ಬಂದವರಿಗೆ ಇದು ವಿಚಿತ್ರವೆನಿಸೀತು. ಕಡಲಹಕ್ಕಿಯೊಂದು ಮರಿಯ ಮೇಲೆರಗಿದಾಗ ನೋಡುವವರ ಕೈ ತಾನಾಗಿ ಮುಂದಾಗುತ್ತದೆ. ಆದರೆ ಮರಿಯನ್ನು ಮುಟ್ಟುವಂತಿಲ್ಲ. ಅದು ತಾನೇ ತೆವಳಿ ನೀರನ್ನು ಸೇರಬೇಕು. ಬದುಕುಳಿದ ಹೆಣ್ಣುಮರಿ ಮೂವತ್ತು ನಲವತ್ತು ವರ್ಷಗಳ ಬಳಿಕ ಮೊಟ್ಟೆಯಿಡಲು ತಾನು ಹುಟ್ಟಿದ ಸೀಮೆಗೇ ಮರಳುತ್ತದೆ.