ಅಟ್ಟ ಇಳಿಸಿ, ಆಮೇಲೆ ಧೈರ್ಯ ಹೇಳಿ

2022ರ ಜೂನ್ 28ರ ಬೆಳಗ್ಗೆ ಕರಿಕೆ ಸಮೀಪ ಆದ ಭೂಕಂಪದ ತೀವ್ರತೆ ರಿಕ್ಟರ್ ಮಾಪಕದಲ್ಲಿ 3.0. ಈ ಅಂಕಿ ಕೇಳಿದ ಕೂಡಲೇ ಕಳಸದ ಕಡೆಯ ನಮ್ಮ ನೆಂಟರು "ಅಷ್ಟೇನಾ?" ಅನ್ನುತ್ತಾರೆ. ಅಷ್ಟಕ್ಕೆ ಹಸಿ ಬಾಣಂತಿಯನ್ನು ಸುರಿಯುವ ಮಳೆಯಲ್ಲಿ ಅಂಗಳಕ್ಕೆ ಎಬ್ಬಿಸಿಕೊಂಡು ಬಂದಳಂತೆ ಎಂದು ಮದುವೆ ಮನೆಗಳಲ್ಲಿ ಇವತ್ತಿಗೂ ನನ್ನ ಸುದ್ದಿ ತೆಗೆಯುವವರಿದ್ದಾರೆ. ಕರೆತಂದವಳು ನಾನೇ. ಅಂಥದೇ ಬೆಳಗು ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಕರೆತರುತ್ತೇನೆ. ಯಾಕೆ ಅನ್ನುವುದನ್ನು ಒಂದು ಸಲ ಸರಿಯಾಗಿ ಬರೆದಿಡಬೇಕು ಅನ್ನಿಸಿದೆ, ಯಾಕೆಂದರೆ ನಮ್ಮ ಮೂಡಿಗೆರೆ, ಕಳಸದ ಮನೆಗಳೂ ನಾನು ಅವತ್ತು ಇದ್ದ ಮನೆಯ ಹಾಗೆಯೇ ಇವೆ.

ಅಕ್ಕನನ್ನು ಕೊಟ್ಟದ್ದು ಸಂಪಾಜೆ ಪಕ್ಕದ ಚೆಂಬು ಗ್ರಾಮಕ್ಕೆ. ಅವಳ ಮಗಳ ಬಾಣಂತನಕ್ಕೆಂದು ಚಾರ್ಮಾಡಿ ಇಳಿದು ಹೋಗಿದ್ದೆ. ಹಳೆಯ ಹಂಚಿನ ಮನೆ, ಮಣ್ಣಿನ ದಪ್ಪ ಗೋಡೆ. ಅಟ್ಟದ ತುಂಬ ಅಡಿಕೆ ಮೂಟೆ, ಮದುವೆಯಡುಗೆಯ ಹಿತ್ತಾಳೆ ಪಾತ್ರೆ, ಮುರಿದ ತೊಟ್ಟಿಲು, ಹಂಚು ಬದಲಿಸುವಾಗ ಉಳಿದ ಹಂಚು. ಹಿಂಬದಿಯಲ್ಲಿ ಬಚ್ಚಲು ದೊಡ್ಡದು ಮಾಡಲು ಜೆಸಿಬಿಯಿಂದ ಕಡಿಸಿದ ಧರೆ, ಗೋಡೆಗೂ ಧರೆಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ.

ಜೂನ್ 25ರಂದು ಬೆಳಗಿನ ಕಾಫಿ ತಿಂಡಿ ಮುಗಿದ ಹೊತ್ತಿಗೆ ಮೊದಲನೆಯದು ಬಂತು. ಕಿಟಕಿ ಗಾಜು ಗಲಗಲ ಅಂದಿತು, ನೆಲದೊಳಗೆ ಏನೋ ಗುಡುಗಿತು. ಕಲ್ಲಿನ ಕೋರೆಯಲ್ಲಿ ಮದ್ದಿಟ್ಟಿರಬೇಕು ಅಂದರು ಭಾವ. ಎರಡು ದಿನದ ಹಿಂದೆಯಷ್ಟೇ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4ರ ಕಂಪನವಾಗಿ ಸೋಮವಾರಪೇಟೆ ಕಡೆಯವರೆಲ್ಲ ಬೆಳಗಿನ ಜಾವ ಎದ್ದು ಕೂತಿದ್ದರು. ಅದು ಭಾವನಿಗೂ ಗೊತ್ತಿತ್ತು. ಸಂಜೆಗೆ ಟಿವಿಯಲ್ಲಿ ಇದಕ್ಕೂ 2.3 ಎಂಬ ಅಂಕಿ ಬಂತು. ನಾನು ಅವತ್ತೇ ಹೇಳಿದೆ: "ಭಾವ, ಅಟ್ಟದ್ದೆಲ್ಲ ಇಳಿಸಿಬಿಡಿ. ಬಾಣಂತಿ ಕೋಣೆಗೆ ಹೋಗೋ ದಾರಿ ಅದರ ಅಡಿಯಲ್ಲೇ ಇರೋದು."

"ನಿಂಗೆ ಎಂಥ ಮರುಳಾ? ಈ ಮಳೇಲಿ ಅಡಿಕೆ ಎಲ್ಲಿಡೋದು? ಕೆಳಗಿಟ್ರೆ ನಾಳಿದ್ದಿಗೆ ಬೂಷ್ಟು."

ಅಕ್ಕ ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಆ ಮನೆಯಲ್ಲಿ ಭಾವನ ಮಾತಿನ ಮೇಲೆ ಮಾತಿಲ್ಲ. ನಾನು ಬಾಣಂತಿಯ ಮಂಚವನ್ನು ಮಾತ್ರ ಗೋಡೆಗೂಡಿನ ಅಡಿಯಿಂದ ಈಚೆಗೆ ಎಳೆಸಿದೆ.

ಇಪ್ಪತ್ತೆಂಟರ ಬೆಳಗ್ಗೆ ಎಂಟಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಆರಿದ್ರಾ ಮಳೆ ಹಿಡಿದು ಹೊಯ್ಯುತ್ತಿತ್ತು. ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದೆ. ಎಣ್ಣೆ ತಿಕ್ಕಿ ಆಗಿತ್ತು. ಪಕ್ಕದಲ್ಲೇ ಒಲೆಗೆ ಕಟ್ಟಿದ ತಾಮ್ರದ ಹಂಡೆ, ಕಂಠದವರೆಗೆ ಕುದಿಯುವ ನೀರು. ಚೊಂಬು ಕೈಗೆತ್ತಿಕೊಂಡಿದ್ದೇನೆ, ಸದ್ದು ಬಂತು. ಕಲ್ಲು ತುಂಬಿದ ಲಾರಿಯೊಂದು ನೆಲದೊಳಗೇ ಏರು ಹತ್ತುತ್ತಿರುವ ಹಾಗೆ ಬಂತು. ಇಪ್ಪತ್ತೈದರಂದು ಕೇಳಿದ್ದ ಸದ್ದೇ ಅದು, ಆದರೆ ಈ ಸಲ ನಿಲ್ಲಲಿಲ್ಲ, ಹತ್ತಿರ ಬಂತು. ಮಣೆ ಕೆಳಗಿನಿಂದ ಒಮ್ಮೆ ಗುದ್ದಿತು. ಗೋಡೆ ಅಡ್ಡಕ್ಕೆ ಅದುರಿತು. ಹಂಡೆಯ ನೀರು ಅಂಚು ಹಾರಿ ಕೆಂಡಕ್ಕೆ ಬಿದ್ದು ಬುಸ್ಸೆಂದಿತು, ಹಬೆಯಲ್ಲಿ ಕಣ್ಣೇ ಕಾಣಲಿಲ್ಲ. ಎಣ್ಣೆಮೈ ಮಗು ಕಾಲ ಮೇಲಿಂದ ಒಲೆಯ ಕಡೆಗೆ ಜಾರತೊಡಗಿತು. ಹಿಡಿದ ಕೈ ಜಾರಿತು. ಇನ್ನೊಂದು ಕೈಯೂ ಜಾರಿತು. ಕಡೆಗೆ ಸೀರೆಯ ನೆರಿಗೆಯಲ್ಲೇ ಬಾಚಿ ಹೊಟ್ಟೆಗೆ ಒತ್ತಿಕೊಂಡು, ಬೆನ್ನನ್ನು ಹಂಡೆಯ ಕಡೆಗೆ ಮಾಡಿ ಬಗ್ಗಿ ಕೂತೆ. ನೀರು ಹಾರಿದರೆ ನನ್ನ ಬೆನ್ನಿಗೆ ಬೀಳಲಿ ಎಂದು. ಬಿತ್ತು ಕೂಡ, ಸ್ವಲ್ಪ.

ಮೇಲೆ ಹಂಚುಗಳು ಒಂದಕ್ಕೊಂದು ತಿಕ್ಕಿದವು. ಒಳಗೆ ನಡೆಯಲ್ಲಿ ಏನೋ ಬಿದ್ದು ಮನೆಯೇ ಮೊಳಗಿತು. ಆಮೇಲೆ ಎಲ್ಲ ನಿಂತಿತು. ಅಷ್ಟೂ ಆಗಿದ್ದು ಕೆಲವೇ ಸೆಕೆಂಡಿನಲ್ಲಿ. ಮಗು ಆಗ ಅತ್ತಿತು, ಕೋಣೆಯಿಂದ ಬಾಣಂತಿ "ಚಿಕ್ಕಮ್ಮಾ, ಮಗು! ಮಗು!" ಎಂದು ಕಿರುಚಿದಳು.

ಹಿಂದಿನ ಬಾಗಿಲು ಕೈಗೆಟುಕುವಷ್ಟು ಹತ್ತಿರವಿತ್ತು. ಅದರಾಚೆ ಧರೆ. ವಾರಗಟ್ಟಲೆ ನೀರು ಕುಡಿದ ಕಡಿದ ಮಣ್ಣು. ಅತ್ತ ಹೋಗಬಾರದೆಂದು ಇಪ್ಪತ್ತೈದರ ರಾತ್ರಿಯೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಒಳಗಿನ ನಡೆಗೆ ಬಂದರೆ ನೆಲದ ಮೇಲೆ ಅನ್ನ ಬಸಿಯುವ ದೊಡ್ಡ ಹಿತ್ತಾಳೆ ಕೊಪ್ಪರಿಗೆ, ಪಕ್ಕದಲ್ಲಿ ಚೂರಾದ ಹಂಚು. ದಿನಾ ಆ ಹೊತ್ತಿಗೆ ಬಾಣಂತಿ ಸ್ನಾನಕ್ಕೆಂದು ಎದ್ದು ಬಂದು ನಿಲ್ಲುತ್ತಿದ್ದ ಜಾಗ ಅದು. ಅವಳನ್ನು ಎಬ್ಬಿಸಿ, ತಲೆಗೆ ಕಂಬಳಿ, ಅದರ ಮೇಲೆ ಆಳುಗಳ ಪ್ಲಾಸ್ಟಿಕ್ ಕೊಪ್ಪೆ ಹಾಕಿ ಅಂಗಳದ ನಡುವಿಗೆ ಕರೆದೊಯ್ದೆ. ಸೂರಿನ ಅಡಿಯಲ್ಲಿ ನಿಂತಿದ್ದ ಭಾವನನ್ನೂ ಈಚೆಗೆ ಬನ್ನಿ ಎಂದು ಕೂಗಿದೆ. ಹಂಚು ಜಾರುವುದು ಸೂರಿನಲ್ಲೇ. "ಬಾಣಂತಿಗೆ ಶೀತ ಆದ್ರೆ ಯಾರು ಹೊಣೆ?" ಅಂದರು ಅವರು. ಕೊಪ್ಪರಿಗೆ ತಲೆಗೆ ಬಿದ್ದಿದ್ದರೆ ಯಾರು ಹೊಣೆ ಎಂದು ನಾನು ಕೇಳಿದೆ. ಅದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಸಂಜೆ ನಾಲ್ಕೂವರೆಯ ಹೊತ್ತಿಗೆ ಇನ್ನೊಂದು ಬಂತು. ಅದು 1.8ರದು ಎಂದು ಆಮೇಲೆ ಗೊತ್ತಾಯಿತು. ಏನೂ ಬೀಳಲಿಲ್ಲ, ಆದರೆ ಸದ್ದು ಅದೇ. ಬೆಳಗಿನದಕ್ಕಿಂತ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಅದು, ಯಾಕೆಂದರೆ ಮುಗಿಯಿತು ಎಂದುಕೊಂಡಿದ್ದು ಮುಗಿದಿರಲಿಲ್ಲ. ಮರುಕಂಪನದ ಕಷ್ಟವೇ ಇದು. ಬಾಗಿಲು ಬಡಿದುಕೊಂಡರೂ, ದೂರದಲ್ಲಿ ಲಾರಿ ಗೇರ್ ಬದಲಿಸಿದರೂ ಮೈ ಎದ್ದು ನಿಲ್ಲುತ್ತದೆ.

ಇಷ್ಟು ಸಣ್ಣದಕ್ಕೆ ಇಷ್ಟು ಸದ್ದು ಯಾಕೆ ಎಂದು ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಕಂಪನ ಹುಟ್ಟಿದ ಜಾಗ ಹತ್ತಿರವಿದ್ದು ಆಳ ಕಡಿಮೆಯಿದ್ದರೆ, ನಮ್ಮ ದಕ್ಷಿಣದ ಹಳೆಯ ಗಟ್ಟಿ ಬಂಡೆ ಅದನ್ನು ಹೀರಿಕೊಳ್ಳದೆ ಹಾಗೆಯೇ ದಾಟಿಸುತ್ತದೆ. ಮೊದಲು ಬರುವ ವೇಗದ ಅಲೆ ನೆಲದಿಂದ ಗಾಳಿಗೆ ಸದ್ದಾಗಿ ಹೊರಡುತ್ತದೆ, ಹಿಂದಿನಿಂದ ಬರುವ ನಿಧಾನದ ಅಲೆ ಗೋಡೆ ಅಲ್ಲಾಡಿಸುತ್ತದೆ. ಹಾಗಾಗಿ ಸದ್ದು ಕೇಳಿದ ಕ್ಷಣವೇ ನಿಮಗೆ ಸಿಗುವ ಸಮಯ. ಅದರಲ್ಲಿ ಓಡಲಾಗುವುದಿಲ್ಲ, ತಲೆ ಕಾಪಾಡಿಕೊಳ್ಳಬಹುದು ಅಷ್ಟೆ. ಗಟ್ಟಿ ಮಂಚದ ಅಡಿ, ಮೇಜಿನ ಅಡಿ. ಹಳೆಯವರು ಹೇಳುವ ಬಾಗಿಲ ದಾರಂದವನ್ನು ನಂಬಬೇಡಿ. ಮಣ್ಣಿನ ಗೋಡೆ ಬಿರಿದರೆ ದಾರಂದವೂ ನಿಲ್ಲುವುದಿಲ್ಲ.

ಅಧಿಕಾರಿಯೊಬ್ಬರು ಬಂದರು. ಯಾವ ಇಲಾಖೆ, ಯಾರು ಎಂದು ಬರೆಯುವುದಿಲ್ಲ. ಬಾಣಂತಿ ಕೋಣೆಯ ಮೂಲೆಯಲ್ಲಿ ಹೊಸದಾಗಿ ಬಿಟ್ಟ ಬಿರುಕನ್ನು ಜಗಲಿಯಿಂದಲೇ ನೋಡಿ "ಹಳೇದಮ್ಮ ಇದು, ಮಳೆಗೆ ಬಿಟ್ಟಿದ್ದು" ಅಂದರು. ಒಳಗಿನ ಸುಣ್ಣ ಬಿಳಿ ಪುಡಿಯಾಗಿ ಹಾಸಿಗೆಯ ಮೇಲೆ ಬಿದ್ದಿರುವುದನ್ನು ತೋರಿಸಿದೆ. ಅವರು ಚಪ್ಪಲಿ ಬಿಚ್ಚಲಿಲ್ಲ. ಹೋಗುವಾಗ ಧೈರ್ಯ ಹೇಳಿದರು: "ಸಣ್ಣ ಸಣ್ಣದು ಬಂದು ಹೋದ್ರೆ ಒಳ್ಳೇದೇ, ಭೂಮಿ ಒಳಗಿನ ಒತ್ತಡ ಹೊರಗೆ ಹೋಗುತ್ತೆ, ದೊಡ್ಡದು ಬರಲ್ಲ." ಭಾವ ತಲೆ ಅಲ್ಲಾಡಿಸಿದರು. ನನಗೆ ಅವತ್ತು ಉತ್ತರ ಕೊಡಲು ಗೊತ್ತಿರಲಿಲ್ಲ, ಈಗ ಗೊತ್ತಿದೆ. ಮಾಪಕದಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. 6ರ ಒಂದು ಕಂಪನದ ಶಕ್ತಿ ತೀರಬೇಕಾದರೆ 3ರ ಕಂಪನಗಳು ಮೂವತ್ತು ಸಾವಿರಕ್ಕೂ ಮೇಲೆ ಆಗಬೇಕು. ಒತ್ತಡ ಹಾಗೆ ಚಿಲ್ಲರೆಯಲ್ಲಿ ತೀರುವುದಿಲ್ಲ. ನಮ್ಮ ಕಲಬುರಗಿ, ಬೀದರ್ ಗಡಿಯಾಚೆಯ ಕಿಲ್ಲಾರಿಯಲ್ಲೂ 1992ರಲ್ಲಿ ಸಣ್ಣ ಕಂಪನಗಳು ಬಂದು ಹೋಗಿದ್ದವು. ಮರುವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ ದೊಡ್ಡದು ಬಂದು ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅದರಡಿಯಲ್ಲಿ ಮಲಗಿದ್ದವರು. ಸಣ್ಣ ಕಂಪನಗಳು ಹೆಚ್ಚಿನ ಕಡೆ ತಾವಾಗಿಯೇ ನಿಂತುಹೋಗುತ್ತವೆ, ಚೆಂಬಿನಲ್ಲೂ ನಿಂತವು. ಆದರೆ ನಿಲ್ಲುತ್ತವೆ ಎಂದು ಮೊದಲೇ ಯಾರೂ ಹೇಳಲಾರರು. ಗೊತ್ತಿಲ್ಲದ್ದನ್ನು ಧೈರ್ಯದ ಹೆಸರಿನಲ್ಲಿ ಹೇಳುವುದು ನನಗೆ ಸಹಿಸಲಾಗದ ವಿಷಯ.

ಇನ್ನೊಂದು ಉಪದೇಶ, "ಬಯಲಿಗೆ ಹೋಗಿ". 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ಭೂಮಿ ನಡುಗಿದಾಗ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಅಲ್ಲಿ ಬಯಲಿದೆ. ನಮ್ಮಲ್ಲಿ ಎಲ್ಲಿದೆ? ಮನೆಯ ಹಿಂದೆ ಧರೆ, ಮುಂದೆ ಇಳಿಜಾರು, ಪಕ್ಕದಲ್ಲಿ ಎತ್ತರದ ಸಿಲ್ವರ್ ಮರ, ನಡುವೆ ಕರೆಂಟಿನ ತಂತಿ, ಮೇಲೆ ಮಳೆ. 2018ರ ಜುಲೈ 9ರಂದು ಕೊಡಗಿನಲ್ಲಿ 3.4ರ ಕಂಪನವಾಗಿ, ಮರುತಿಂಗಳು ಗುಡ್ಡಗಳು ಕುಸಿದವು. ಕುಸಿತಕ್ಕೆ ಕಾರಣ ಅತಿಮಳೆ ಮತ್ತು ಕಡಿದ ಇಳಿಜಾರು, ಆ ಕಂಪನವಲ್ಲ ಎಂದು ಭೂವಿಜ್ಞಾನಿಗಳು ಹೇಳಿದರು. ನಾನು ಅದನ್ನು ಒಪ್ಪುತ್ತೇನೆ. ನಮ್ಮ ಮೂಡಿಗೆರೆ ಕಡೆಯ ಮಲೆಮನೆ, ಮಧುಗುಂಡಿಯಲ್ಲಿ 2019ರಲ್ಲಿ ಗುಡ್ಡ ಕುಸಿದಾಗ ನಮಗೆ ಅಂಥ ಕಂಪನವೇ ಗೊತ್ತಾಗಿರಲಿಲ್ಲ. ನಮ್ಮ ಧರೆ ಬೀಳಲು ಭೂಕಂಪವೇ ಬೇಕಿಲ್ಲ ಅಂದ ಮೇಲೆ ಕಂಪನದ ದಿನ ಅದರ ಬುಡದಲ್ಲಿ ಹೋಗಿ ನಿಲ್ಲುವುದು ಹೇಗೆ? ಎಲ್ಲಿ ನಿಲ್ಲಬೇಕೆಂದು ಬೆಳಕಿದ್ದಾಗಲೇ ನೋಡಿಟ್ಟುಕೊಳ್ಳಬೇಕು. ನಮ್ಮ ಕಡೆ ಅಂಥ ಜಾಗ ಒಂದೇ, ಕಾಫಿ ಒಣಗಿಸುವ ಕಣ. ಮಳೆಗಾಲದಲ್ಲಿ ಖಾಲಿಯಿರುತ್ತದೆ. ಅಲ್ಲಿಗೆ ಹೋಗುವ ದಾರಿ ಸೂರಿನಡಿ ಹೋಗದಂತೆ ಮಾಡಿಕೊಳ್ಳಿ. ಟಾರ್ಚು, ಕೊಪ್ಪೆ ಎದುರು ಬಾಗಿಲ ಬಳಿ ಇರಲಿ.

ಇಪ್ಪತ್ತೆಂಟರ ರಾತ್ರಿಯೇ ಬಾಣಂತಿಯನ್ನೂ ಮಗುವನ್ನೂ ಸುಳ್ಯದ ನೆಂಟರ ತಾರಸಿ ಮನೆಗೆ ಸಾಗಿಸಿದೆ. ಅಕ್ಕ ಅತ್ತಳು, ಭಾವ ಮಾತಾಡಲಿಲ್ಲ. ಜುಲೈ 1ರಂದು ನಡುರಾತ್ರಿ ಕಳೆದ ಮೇಲೆ ಮತ್ತೊಂದು ಬಂತು. ಬೆಳಗ್ಗೆ ಅಕ್ಕ ಫೋನ್ ಮಾಡಿ, ಭಾವ ಆಳು ಕರೆಸಿ ಅಟ್ಟ ಇಳಿಸುತ್ತಿದ್ದಾರೆ ಅಂದಳು. ಅಡಿಕೆಗೆ ಬೂಷ್ಟು ಹಿಡಿಯಿತು, ನಿಜ. ಅದರ ನಷ್ಟವನ್ನು ಅವರು ಈಗಲೂ ನನ್ನ ಲೆಕ್ಕಕ್ಕೇ ಬರೆಯುತ್ತಾರೆ. ಬರೆಯಲಿ. ಆ ಮಗು ಈಗ ಶಾಲೆಗೆ ಹೋಗುತ್ತಿದೆ.

ಊರಿಗೆ ಬಂದವಳೇ ನಮ್ಮ ಅಟ್ಟದ ಮೆಣಸಿನ ಚೀಲಗಳನ್ನು ಇಳಿಸಿದೆ. ಮಲಗುವ ಜಾಗದ ಮೇಲೆ ಈಗ ಖಾಲಿ ಬುಟ್ಟಿಯೂ ಇಲ್ಲ. ಸಡಿಲ ಹಂಚು, ಹುಳ ತಿಂದ ಪಕಾಸು ಬದಲಾದವು. ಗ್ಯಾಸ್ ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ಕಟ್ಟಿಸಿದೆ. ಉಳಿದಿರುವುದು ತೋಟದ ಆಳುಗಳ ಲೈನ್ ಮನೆಗಳು. ಎಷ್ಟೋ ತೋಟಗಳಲ್ಲಿ ಕಾಫಿ ಹಾಕಲಾಗದ ಜಾಗ ಎಂದು ಧರೆಯ ಬುಡದಲ್ಲೇ ಕಟ್ಟಿದ್ದಾರೆ, ನಮ್ಮ ಮಾವನವರ ಕಾಲದಲ್ಲಿ ನಮ್ಮಲ್ಲೂ ಹಾಗೇ ಕಟ್ಟಿದರು. ಅಲ್ಲಿ ಮಕ್ಕಳು ಮಲಗುವ ಕೋಣೆ ಧರೆಯ ಕಡೆಗೇ ಇದೆ. ಕಾಫಿಗೆ ಒಳ್ಳೆಯ ಬೆಲೆ ಬಂದಿರುವ ಈ ಹೊತ್ತಿನಲ್ಲೂ ಮನೆಯವರು "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ಮುಂದಿನ ವರ್ಷಕ್ಕೆ ನಾನು ಒಪ್ಪಿಲ್ಲ. ಕೊಯ್ಲು ಮುಗಿದ ವಾರ ಕಣದ ಪಕ್ಕದಲ್ಲಿ ಹೊಸ ಲೈನಿಗೆ ಪಾಯ ತೆಗೆಯಬೇಕೆಂದು ಮೇಸ್ತ್ರಿಗೆ ಮುಂಗಡ ಕೊಟ್ಟಾಗಿದೆ.